ಖಾಲಿ ವೀಲ್‌ಚೇರ್ ತಳ್ಳಿಕೊಂಡು ನಾರಾಕ್ಕೆ

ಕಳೆದ ಅಕ್ಟೋಬರಿನ ಒಂದು ಮಂಗಳವಾರ ನಾನು ಯಾರೂ ಕೂತಿರದ ವೀಲ್‌ಚೇರ್ ತಳ್ಳಿಕೊಂಡು ರೈಲು ಹತ್ತಿದೆ. ನಿಲ್ದಾಣದ ಸಿಬ್ಬಂದಿಯೊಬ್ಬ ಓಡಿ ಬಂದು ಪ್ಲಾಟ್‌ಫಾರ್ಮಿಗೂ ಬೋಗಿಗೂ ನಡುವೆ ಹಲಗೆ ಹಾಸಿಕೊಟ್ಟ. ಖಾಲಿ ಕುರ್ಚಿಗೆ ಹಲಗೆ ಯಾಕೆ ಎಂದು ಅವನು ಕೇಳಲಿಲ್ಲ. ಬೋಗಿಯಲ್ಲಿ ಕೂತವರೂ ತಲೆ ಎತ್ತಲಿಲ್ಲ. ನಮ್ಮ ಸಿಂದಗಿ ಬಸ್ಸಿನಲ್ಲಿ ಹೀಗೆ ಹತ್ತಿದ್ದರೆ ಆಲಮೇಲ ಬರುವಷ್ಟರಲ್ಲಿ ಅದರ ಮೇಲೆ ಯಾರಾದರೂ ಕೂತಿರುತ್ತಿದ್ದರು, ಅವರ ತೊಡೆಯ ಮೇಲೆ ಇನ್ನೊಬ್ಬರ ಚೀಲವೂ ಇರುತ್ತಿತ್ತು.

ನಾನೂ ಜೊತೆಗಿದ್ದ ಸಹೋದ್ಯೋಗಿಯೂ ಹೊರಟಿದ್ದು ನಾರಾಕ್ಕೆ. ಜಪಾನಿನ ಹಳೆಯ ರಾಜಧಾನಿ ಅದು. ದೊಡ್ಡ ಬುದ್ಧನ ಗುಡಿ ಇದೆ, ತಲೆ ಬಾಗಿಸಿ ಬಿಸ್ಕೀಟು ಕೇಳುವ ಜಿಂಕೆಗಳಿವೆ. ಆದರೆ ಅಂದು ನಾವು ಹೋದದ್ದು ಪ್ರವಾಸಕ್ಕಲ್ಲ. ಪ್ರವಾಸ ಇದ್ದದ್ದು ನವೆಂಬರಿನ ಎರಡನೆಯ ಗುರುವಾರ. ಅದಕ್ಕೆ ಮೊದಲು ಅದೇ ಜಾಗಗಳಿಗೆ ಒಮ್ಮೆ ಹೋಗಿ, ಎಲ್ಲವನ್ನೂ ನೋಡಿ, ಬರೆದುಕೊಂಡು ಬರಬೇಕು. ಇದಕ್ಕೆ ಇಲ್ಲಿ ‘ಶಿತಾಮಿ’ ಎನ್ನುತ್ತಾರೆ. ಇಳಿಜಾರು ಎಷ್ಟು, ಶೌಚಾಲಯದ ಹಿಡಿಕೆ ಎಡಕ್ಕಿದೆಯೋ ಬಲಕ್ಕಿದೆಯೋ, ಮಧ್ಯಾಹ್ನ ಒಂದಕ್ಕೆ ನೆರಳು ಯಾವ ಬೆಂಚಿನ ಮೇಲೆ ಬೀಳುತ್ತದೆ, ಇವೆಲ್ಲಕ್ಕೂ ಅದರ ನಮೂನೆ ಹಾಳೆಯಲ್ಲಿ ಒಂದೊಂದು ಅಂಕಣವಿದೆ.

ನಾನು ಒಸಾಕಾದ ಅಂಚಿನಲ್ಲಿರುವ ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ವಿಜಯಪುರದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಒಂದು ವರ್ಷ ಭಾಷೆ ಕಲಿತು, ಎರಡು ವರ್ಷದ ಹಿಂದೆ ಬಂದೆ. ನನ್ನ ಪದವಿಗೆ ಇಲ್ಲಿ ನರ್ಸ್ ಎಂಬ ಮಾನ್ಯತೆ ಇಲ್ಲ. ನಾನು ಸ್ನಾನ ಮಾಡಿಸುತ್ತೇನೆ, ಉಣಿಸುತ್ತೇನೆ, ಮಗ್ಗುಲು ಬದಲಿಸುತ್ತೇನೆ, ಬರೆದಿಡುತ್ತೇನೆ. ಸಂಜೆ ಕೋಣೆಗೆ ಬಂದಾಗ ಸೊಂಟ ನನ್ನದಲ್ಲ ಎನ್ನಿಸುತ್ತದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ನನ್ನ ದಿನ ಹೀಗಿದೆ, ಅಷ್ಟೇ.

ಕೋಣೆ ಚಿಕ್ಕದು. ಒಂದು ಕಿಟಕಿ, ಒಂದೇ ಒಲೆ. ಬಂದ ಮೊದಲ ತಿಂಗಳು ಊರಿಂದ ತಂದ ಹಿಟ್ಟಿನಲ್ಲಿ ಜೋಳದ ರೊಟ್ಟಿ ಬಡಿದೆ. ಮೂರನೆಯ ದಿನ ಅಂಚೆ ಡಬ್ಬಿಯಲ್ಲಿ ಒಂದು ಚೀಟಿ ಇತ್ತು: ‘ಬೆಳಿಗ್ಗೆ ಏನೋ ಬಡಿಯುವ ಸದ್ದು ಬರುತ್ತಿದೆ, ದಯವಿಟ್ಟು ಗಮನಿಸಿ.’ ಕೆಳಗಿನ ಮನೆಯವರು. ಅವರು ನನ್ನ ಬಾಗಿಲು ತಟ್ಟಿ ಹೇಳಬಹುದಿತ್ತು. ಈಗ ನಾನು ಭಾನುವಾರ ಹನ್ನೊಂದು ಗಂಟೆಗೆ, ಹಿಟ್ಟು ನಾದಿ ಬಡಿಯುವ ಕೊಣಮಿಗೆಯ ಕೆಳಗೆ ಟವೆಲ್ ಮಡಚಿಟ್ಟು, ನಾಲ್ಕೇ ರೊಟ್ಟಿ ಬಡಿಯುತ್ತೇನೆ. ಎರಡು ವರ್ಷದಲ್ಲಿ ಪಾರ್ಸೆಲ್ಲಿನವನನ್ನು ಬಿಟ್ಟರೆ ಯಾರೂ ನನ್ನ ಬಾಗಿಲು ತಟ್ಟಿಲ್ಲ. ಮಾತು ಕಡಿಮೆ ಇರುವ ನನಗೆ ಮೊದಮೊದಲು ಅದು ಸುಖವೆನಿಸಿತ್ತು.

ನಾರಾ ಪ್ರವಾಸದ ಯೋಜನೆ ಬರೆಯುವ ಕೆಲಸ ಈ ಸಲ ನನಗೆ ಬಂತು. ಹೊಸಬರು ಬರೆದು ಕಲಿಯಲಿ ಎಂಬುದು ಇಲ್ಲಿಯ ರೂಢಿ. ಐದು ಜನ ವೃದ್ಧರು, ಮೂವರು ಸಿಬ್ಬಂದಿ, ಒಂದು ವ್ಯಾನು. ಯೋಜನೆ ಮುಗಿದ ಮೇಲೆ ‘ಶಿಯೋರಿ’ ತಯಾರಿಸಬೇಕು, ಎಂದರೆ ಆ ದಿನದ ಸಮಯವನ್ನೆಲ್ಲ ಅಚ್ಚು ಹಾಕಿದ ಕೈಪುಸ್ತಕ. ೯:೩೦ ವ್ಯಾನು ಬಿಡುವುದು. ೧೧:೦೦ ಇಂಥಲ್ಲಿ. ೧:೧೦ ಇಂಥಲ್ಲಿ. ಯಾರಿಗೆ ಯಾವಾಗ ಮಾತ್ರೆ.

ಬರೆಯುತ್ತ ಕೂತಾಗ ನನಗೆ ಮೋರಟಗಿಯ ನಮ್ಮ ಮನೆಯ ಪ್ರವಾಸಗಳು ನೆನಪಾದವು. ಹಿಂದಿನ ದಿನ ಸಂಜೆ ಕಾಕಾ ಕಟ್ಟೆಯ ಮೇಲೆ ಕೂತು, ನಾಳೆ ಬಸವನ ಬಾಗೇವಾಡಿಗೆ ಹೋಗೋಣ ಎನ್ನುತ್ತಿದ್ದ. ಏಳಕ್ಕೆ ಹೊರಡುವುದು ಎಂದು ನಿಶ್ಚಯವಾಗಿ, ಹತ್ತಕ್ಕೆ ಟೆಂಪೋ ಬಿಡುತ್ತಿತ್ತು. ಯೋಜನೆ ಎಂದರೆ ಬುತ್ತಿ ಮಾತ್ರ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಉಂಡಿ. ಹಾದಿಯಲ್ಲಿ ಯಾವ ಊರು ಬಂದರೂ ಅಲ್ಲಿ ಒಬ್ಬರಾದರೂ ಬೀಗರು ಇರುತ್ತಿದ್ದರು. ಮುಂದೆ ಹಾಯ್ದು ಹೋಗಿ ಒಳಗೆ ಹೋಗದಿದ್ದರೆ ಅವರು ಸಿಟ್ಟಾಗುತ್ತಾರೆಂದು ಟೆಂಪೋ ನಿಲ್ಲುತ್ತಿತ್ತು. ಹನ್ನೊಂದು ಜನ ಹೇಳದೆ ಕೇಳದೆ ಒಳಗೆ ಹೋದರೆ ಆ ಮನೆಯಾಕೆ ಮೊದಲು ಚಹಾಕ್ಕಿಡುತ್ತಿದ್ದಳು, ಆಮೇಲೆ ಯಾರ್ಯಾರು ಬಂದಿದ್ದಾರೆಂದು ನೋಡುತ್ತಿದ್ದಳು. ನಮ್ಮಲ್ಲಿ ಮೊದಲೇ ತಿಳಿಸಿ ಮನೆಗೆ ಬರುವವರು ಹೆಣ್ಣು ನೋಡಲು ಬರುವವರು ಮಾತ್ರ.

ಈಗ ತನಾಬೆ-ಸಾನ್ ಬಗ್ಗೆ ಹೇಳಬೇಕು. ‘ಸಾನ್’ ನಮ್ಮ ‘ಅವರು’ ಇದ್ದ ಹಾಗೆ. ಎಂಬತ್ತೆಂಟು ವರ್ಷ, ಗಂಡ ತೀರಿಹೋಗಿದ್ದಾರೆ, ಮಕ್ಕಳಿಲ್ಲ, ಹೃದಯ ಸೋತಿದೆ. ಹುಟ್ಟಿದ್ದು ನಾರಾದಲ್ಲಿ. ಅವರ ಮಾತು ನನ್ನ ಪಠ್ಯಪುಸ್ತಕದಲ್ಲಿದ್ದ ಜಪಾನಿಯಲ್ಲ. ಅದು ಈ ಸೀಮೆಯ ಮಾತು, ಟೋಕಿಯೋದವರ ಕಿವಿಗೆ ಒರಟು. ಅರ್ಥವಾಗಲು ನನಗೆ ಆರು ತಿಂಗಳು ಬೇಕಾಯಿತು. ಅರ್ಥವಾದ ದಿನದಿಂದ ಅದು ನನ್ನ ಕಿವಿಗೆ ನಮ್ಮ ಕಡೆಯ ಮಾತಾಗಿಯೇ ಬೀಳುತ್ತದೆ. ಆದ್ದರಿಂದ ಹಾಗೆಯೇ ಬರೆಯುತ್ತೇನೆ. ಪುಸ್ತಕದ ಕನ್ನಡದಲ್ಲಿ ಬರೆದರೆ ಅದು ಅವರ ದನಿಯಾಗುವುದಿಲ್ಲ.

ಪ್ರವಾಸದಲ್ಲಿ ಏನು ನೋಡಬೇಕೆಂದು ಐವರನ್ನೂ ಕೇಳಿದೆ. ಒಬ್ಬರು ಬುದ್ಧ ಎಂದರು, ಮೂವರು ಜಿಂಕೆ ಎಂದರು. ಕೊನೆಗೆ ಉಳಿದವರು ತನಾಬೆ-ಸಾನ್.

“ನಾ ಹುಟ್ಟಿದ ಮನಿ ಮುಂದ ಒಂದ ಹತ್ತ ಮಿನಿಟ ನಿಂದ್ರಿಸಿದ್ರ ಸಾಕು,” ಎಂದರು. “ಒಳಗ ಬ್ಯಾಡ. ಒಳಗ ನನ್ನ ತಂಗಿ ಅದಾಳ.”

ತಂಗಿಯೊಂದಿಗೆ ಹನ್ನೆರಡು ವರ್ಷದಿಂದ ಮಾತಿಲ್ಲ. ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮನೆಯ ಗೋಡೆಗೆ ಆತುಕೊಂಡು ಒಂದು ಕಾಕಿ ಮರವಿದೆಯಂತೆ. ಟೊಮೆಟೊ ಗಾತ್ರದ, ಕಿತ್ತಳೆ ಬಣ್ಣದ ಹಣ್ಣು ಅದು, ಎಲೆ ಉದುರಿದ ಮೇಲೂ ಬರಿ ಕೊಂಬೆಯಲ್ಲಿ ತೂಗುತ್ತಿರುತ್ತದೆ. ಆ ಮರ ಇದೆಯೋ ಇಲ್ಲವೋ ನೋಡಬೇಕು, ಅಷ್ಟೇ. ವೈದ್ಯರು ಈ ಪ್ರವಾಸಕ್ಕೆ ಒಪ್ಪಿಗೆ ಕೊಟ್ಟಿದ್ದರು, ಮುಂದಿನ ವರ್ಷದ ಮಾತು ಬೇಡ ಎಂದೂ ಹೇಳಿದ್ದರು. ಅದು ಅವರಿಗೂ ಗೊತ್ತಿತ್ತು.

ನಮ್ಮಲ್ಲಿ ಇದಕ್ಕೆ ತವರು ಎಂಬ ಒಂದೇ ಶಬ್ದವಿದೆ. ಜಪಾನಿಯಲ್ಲೂ ಒಂದಿದೆ, ಆದರೆ ಅದನ್ನು ಯಾರೂ ನಮ್ಮ ಹಾಗೆ ಗಂಟಲು ತುಂಬಿ ಹೇಳುವುದಿಲ್ಲ. ನಾನು ಯೋಜನೆಯಲ್ಲಿ ‘೧೧:೦೦ ಹಳೆಯ ಓಣಿ, ಹತ್ತು ನಿಮಿಷ’ ಎಂದು ಬರೆದೆ. ನಮ್ಮ ವಿಭಾಗದ ಮುಖ್ಯಸ್ಥೆ ಓದಿ, ವ್ಯಾನು ನಿಲ್ಲಿಸಲು ಜಾಗವಿದ್ದು ಇಳಿಜಾರು ಸರಿ ಇದ್ದರೆ ಆಗಬಹುದು, ಶಿತಾಮಿಯಲ್ಲಿ ನೋಡಿಕೊಂಡು ಬನ್ನಿ ಎಂದರು. ಖಾಲಿ ವೀಲ್‌ಚೇರ್ ತಳ್ಳಿಕೊಂಡು ರೈಲು ಹತ್ತಿದ್ದು ಹಾಗೆ.

ನನ್ನ ಜೊತೆಗಿದ್ದವರು ಮೊರಿತಾ-ಸಾನ್. ಐವತ್ತು ದಾಟಿದ ಹಿರಿಯ ಸಹೋದ್ಯೋಗಿ. ತಾವೇ ಕುರ್ಚಿಯಲ್ಲಿ ಕೂತು ನನ್ನಿಂದ ತಳ್ಳಿಸಿಕೊಂಡು, ತಮ್ಮಷ್ಟು ತೂಕದವರು ನಮ್ಮಲ್ಲಿ ಯಾರೂ ಇಲ್ಲ, ತಮ್ಮನ್ನು ಏರಿಸಿದರೆ ಎಲ್ಲರನ್ನೂ ಏರಿಸಬಹುದು ಎಂದರು. ಉದ್ಯಾನ, ಕೊಳದ ದಂಡೆ, ಊಟದ ಜಾಗ ಎಲ್ಲ ಅಳೆದೆವು. ಮಧ್ಯಾಹ್ನ ಅವರು ಹೋಟೆಲಿನವರೊಂದಿಗೆ ಯಾರಿಗೆ ಎಷ್ಟು ಮೆತ್ತಗಿನ ಅನ್ನ ಎಂದು ಮಾತಾಡಲು ನಿಂತರು. ಓಣಿ ನೋಡಿ ಬರಲು ನಾನೊಬ್ಬಳೇ ಹೋದೆ.

ಓಣಿ ಕಿರಿದು, ಮಟ್ಟಸ. ಕಪ್ಪು ಮರದ ಜಾಳಿಗೆಯ ಮನೆಗಳು. ಮೂರನೆಯ ಮನೆಯ ಗೋಡೆಯಾಚೆ ಮರ ಇತ್ತು, ಕಾಯಿ ಇನ್ನೂ ಹಸಿರು ಬಿಟ್ಟಿರಲಿಲ್ಲ. ಇಳಿಜಾರು ಸೊನ್ನೆ ಎಂದು ಬರೆದುಕೊಂಡೆ. ವ್ಯಾನು ಓಣಿಯ ಬಾಯಿಯಲ್ಲಿ ನಿಲ್ಲಬಹುದು ಎಂದು ಬರೆದುಕೊಂಡೆ. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು.

ಆಮೇಲೆ ನಾನು ಕರೆಗಂಟೆ ಒತ್ತಿದೆ.

ಯಾಕೆಂದು ಹಲವು ಸಲ ಯೋಚಿಸಿದ್ದೇನೆ. ಊರಲ್ಲೂ ನಾನು ಇಂಥ ಕೆಲಸಕ್ಕೆ ಮುಂದಾಗುವವಳಲ್ಲ. ಅದು ಝಳಕಿಗೆ ಕೊಟ್ಟ ನಮ್ಮ ಅತ್ತೆಯ, ಎಂದರೆ ಅಪ್ಪನ ಅಕ್ಕನ ಕೆಲಸ. ಅಪ್ಪನಿಗೂ ಕಾಕಾನಿಗೂ ಹೊಲದ ಬದುವಿನ ಮೇಲೆ ಮಾತು ನಿಂತು ಮೂರು ವರ್ಷವಾದಾಗ, ಒಂದು ದಿನ ಆಕೆ ಹೇಳದೆ ಬಸ್ಸಿಳಿದು ಬಂದು ನಮ್ಮ ಹೊಸ್ತಿಲ ಮೇಲೆ ಕೂತಳು. “ಅವನೂ ಬರ್ಲಿ, ನೀನೂ ಬಾ. ಅಲ್ಲೀತನಾ ನಾ ನೀರ ಮುಟ್ಟಂಗಿಲ್ಲ,” ಎಂದಳು. ಅಪ್ಪ ಒಳಗೆ ಗೊಣಗಿದ. ಬಿಸಿಲೇರಿತು. ಕಡೆಗೆ ಕಾಕಾನೇ ಬಂದು, ಈ ಮುದಿಕಿ ನಮ್ಮ ಬಾಗಿಲಲ್ಲಿ ಸತ್ತರೆ ಝಳಕಿಯವರು ನಮ್ಮನ್ನು ಬಿಡುವುದಿಲ್ಲ ಎಂದ. ಅಪ್ಪ ನಕ್ಕ. ಅತ್ತೆಯನ್ನು ಯಾರೂ ಕಳಿಸಿರಲಿಲ್ಲ. ಯಾರಾದರೂ ಕಳಿಸಿದ್ದರೆ ಆ ಕೆಲಸ ಆಗುತ್ತಲೂ ಇರಲಿಲ್ಲ.

ಬಾಗಿಲು ತೆರೆದದ್ದು ಎಂಬತ್ತರ ಹೆಂಗಸು. ಏಪ್ರನ್, ಹೆಣೆದ ಉಣ್ಣೆಯ ಅಂಗಿ, ತನಾಬೆ-ಸಾನ್ ಅವರದೇ ಹಣೆ. ನಾನು ನನ್ನ ಹೆಸರು, ಕೆಲಸದ ಮನೆ ಎಲ್ಲ ಹೇಳಿ, ನಿಮ್ಮ ಅಕ್ಕ ನವೆಂಬರಿನ ಎರಡನೆಯ ಗುರುವಾರ ಹನ್ನೊಂದಕ್ಕೆ ಈ ಓಣಿಗೆ ಬರುತ್ತಾರೆ, ಒಳಗೆ ಬರುವುದಿಲ್ಲ, ಹತ್ತು ನಿಮಿಷ ಹೊರಗೆ ನಿಲ್ಲುತ್ತಾರೆ ಎಂದೆ. ಬರಿಗೈಯಲ್ಲಿ ಹೋಗಬಾರದೆಂಬುದು ತಲೆಯಲ್ಲಿತ್ತು. ಚೀಲದಲ್ಲಿ ನನ್ನ ಬುತ್ತಿಯ ನಾಲ್ಕು ಶೇಂಗಾ ಉಂಡಿ ಇದ್ದವು. ಅವನ್ನೂ ಶಿಯೋರಿಯ ಕರಡು ಪ್ರತಿಯನ್ನೂ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಆಕೆ ತಗೊಂಡರು, ಹೌದೇ ಎಂದರು, ದಣಿದು ಬಂದಿದ್ದೀರಿ ಎಂದರು, ಬಾಗಿ ನಮಸ್ಕರಿಸಿ ಬಾಗಿಲು ಮುಚ್ಚಿದರು. ಮುಖದಲ್ಲಿ ಏನೂ ಇರಲಿಲ್ಲ.

ಮರುದಿನ ಆಕೆಯ ಮಗ ನಮ್ಮ ಕಚೇರಿಗೆ ಫೋನು ಮಾಡಿದ. ಜಗಳವಾಡಲಿಲ್ಲ. ನಿಮ್ಮಲ್ಲಿರುವವರ ವಿಷಯವನ್ನು ನಿಮ್ಮ ಸಿಬ್ಬಂದಿ ಹೊರಗಿನ ಮನೆಗೆ ಬಂದು ಹೇಳುವುದು ಸರಿಯೇ ಎಂದು ಕೇಳಿದ, ಅಷ್ಟೇ. ಮುಖ್ಯಸ್ಥೆ ನನ್ನನ್ನು ಕರೆದು ಮೊದಲು ಚಹಾ ಕೊಟ್ಟರು. ಚಹಾ ಕೊಟ್ಟದ್ದರಿಂದಲೇ ವಿಷಯ ದೊಡ್ಡದೆಂದು ಗೊತ್ತಾಯಿತು.

“ತನಾಬೆ-ಸಾನ್ ನಿಮ್ಮನ್ನು ಕಳಿಸಿದರೇ?” ಎಂದು ಕೇಳಿದರು.

“ಇಲ್ಲ.”

“ಹಾಗಾದರೆ ಯಾರು ಕಳಿಸಿದರು?”

ಎರಡು ಪುಟದ ವರದಿ ಬರೆದೆ. ‘ಹೀಗೆ ಯಾಕಾಯಿತು’ ಎಂಬ ಅಂಕಣವನ್ನು ಮೂರು ಸಲ ಹೊಡೆದು ಹಾಕಿ, ಕಡೆಗೆ ‘ನನ್ನ ತಿಳಿವಳಿಕೆ ಸಾಲದು’ ಎಂದಷ್ಟೇ ಬರೆದೆ. ಅದು ಸುಳ್ಳಲ್ಲ. ಮುಖ್ಯಸ್ಥೆ ಯೋಜನೆಯ ಹಾಳೆ ತೆಗೆದು, ಸ್ಕೇಲು ಇಟ್ಟು, ಹನ್ನೊಂದು ಗಂಟೆಯ ಓಣಿಯ ಮೇಲೆ ಕೆಂಪು ಗೆರೆ ಎಳೆದರು. ಅಷ್ಟು ಹೊತ್ತು ಉದ್ಯಾನದಲ್ಲೇ ಇರುವುದೆಂದು ಬರೆದರು. ಉಳಿದ ಸಮಯಗಳು ಇದ್ದ ಹಾಗೆಯೇ ಇದ್ದವು.

ತನಾಬೆ-ಸಾನ್ ಅವರಿಗೆ ನಾನೇ ಹೇಳಬೇಕಾಗಿತ್ತು. ಬಿಸಿನೀರಿನಲ್ಲಿ ಅವರ ಕಾಲು ತೊಳೆಯುವಾಗ ಹೇಳಿದೆ. ಓಣಿ ರದ್ದಾಯಿತು, ತಪ್ಪು ನನ್ನದು, ಕೇಳದೆ ಕರೆಗಂಟೆ ಒತ್ತಿದೆ. ನೀರು ತಣ್ಣಗಾಯಿತು. ನಾನು ಬೆರಳಿನ ಸಂದುಗಳನ್ನು ಒರೆಸಿದೆ. ಬೈದಿದ್ದರೆ ಚೆನ್ನಾಗಿತ್ತು.

“ಗಿಡ ಐತೇನ?” ಎಂದರು ಕಡೆಗೆ.

ಇದೆ ಎಂದೆ. ಗೋಡೆ ದಾಟಿ ಬೆಳೆದಿದೆ, ಕಾಯಿ ತುಂಬಿದೆ ಎಂದೆ.

“ಆಕಿ ತಲಿ ಪೂರಾ ಬೆಳ್ಳಗಾಗೇತೇನ?”

“ಪೂರಾ.”

“ಹಂಗಿದ್ರ ಛಲೋ ಆತು,” ಎಂದರು. “ಸಣ್ಣಾಕಿದ್ದಾಗ ತನ್ನ ಕೂದಲಾ ಅಂದ್ರ ಭಾಳ ಸೊಕ್ಕಿತ್ತು.” ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿದರು.

ಮುಂದಿನ ಮೂರು ವಾರ ನಾನು ಕೆಲಸದ ಮಾತು ಬಿಟ್ಟು ಬೇರೆ ಯಾವ ಮಾತೂ ಆಡಲಿಲ್ಲ. ಅವ್ವ ಫೋನು ಮಾಡಿದಾಗ ಊಟ ಆಯಿತು ಎಂದು ಇಟ್ಟುಬಿಡುತ್ತಿದ್ದೆ. ಇಲ್ಲಿ ನನ್ನ ಬಗ್ಗೆ ಯಾರೂ ಕೆಟ್ಟ ಮಾತಾಡಲಿಲ್ಲ. ಹೋಗಲಿ ಬಿಡು ಎಂದು ಬೆನ್ನ ಮೇಲೆ ಗುದ್ದುವವರೂ ಇರಲಿಲ್ಲ. ತಪ್ಪು ಕಡತದಲ್ಲಿ ಇತ್ತು, ನಾನು ಕೆಲಸದಲ್ಲಿ ಇದ್ದೆ.

ಆ ಗುರುವಾರ ಚಳಿ ಇತ್ತು, ಬಿಸಿಲೂ ಇತ್ತು. ಒಂಬತ್ತೂವರೆಗೆ ವ್ಯಾನು ಬಿಟ್ಟಿತು, ಒಂಬತ್ತೂವರೆಗೇ. ಬುದ್ಧನನ್ನು ನೋಡಿದರು. ಜಿಂಕೆಯೊಂದು ಮೊರಿತಾ-ಸಾನ್ ಕೈಯಲ್ಲಿದ್ದ ಪಟ್ಟಿಯ ಮೂಲೆ ತಿಂದಿತು. ಹನ್ನೊಂದು ಗಂಟೆಗೆ ತನಾಬೆ-ಸಾನ್ ಗಡಿಯಾರ ನೋಡಿಕೊಂಡದ್ದನ್ನು ಕಂಡೂ ಕಾಣದಂತೆ ನಾನು ಅವರ ಕಾಲ ಮೇಲಿನ ಕಂಬಳಿ ಸರಿಪಡಿಸಿದೆ. ಊಟದಲ್ಲಿ ಅವರು ಎರಡು ತುತ್ತು ಉಂಡರು.

ಒಂದು ಹತ್ತಕ್ಕೆ ಕೊಳದ ದಂಡೆಗೆ ಬಂದೆವು. ನಾವು ಅಳೆದಿಟ್ಟಿದ್ದ ನೆರಳಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ನನ್ನ ಶಿಯೋರಿ. ನಮ್ಮನ್ನು ನೋಡಿ ಎದ್ದು ನಿಂತು, ಮೊದಲು ನನ್ನ ಕಡೆ ತಿರುಗಿದರು.

“ಹನ್ನೊಂದಕ್ಕ ಬಾಗಲದಾಗ ನಿಂತಿದ್ನಿ. ಬರ್ಲಿಲ್ಲ,” ಎಂದರು. “ಇದರಾಗ ಒಂದು ಹತ್ತಕ್ಕ ಕೆರಿ ದಂಡಿ ಅಂತ ಬರದೀರಿ. ಅದಕ್ಕ ಇಲ್ಲಿಗೆ ಬಂದ್ನಿ.” ಮಗ ಫೋನು ಮಾಡಿದ್ದು ತಮಗೆ ಆಮೇಲೆ ತಿಳಿಯಿತು ಎಂದರು. ಶೇಂಗಾದ ಉಂಡಿಗೆ ಬೆಲ್ಲ ತುಸು ಹೆಚ್ಚಾಗಿತ್ತು ಎಂದೂ ಹೇಳಿದರು.

ಅಕ್ಕನ ಮುಂದೆ ಬಂದು ನಿಂತಾಗ ಇಬ್ಬರೂ ಅತ್ತಾರೆಂದು ನಾನು ಕೈಯಲ್ಲಿ ಟವೆಲ್ ಹಿಡಿದಿದ್ದೆ. ಅಳಲಿಲ್ಲ.

“ಕಾಯಿ ಯಾಕ ಹರದಿಲ್ಲ?” ಎಂದರು ತನಾಬೆ-ಸಾನ್.

“ಏಣಿ ಏರಾವ್ರು ಯಾರು? ನೀನ ಏರ್ತಿದ್ದಿ.”

“ಈಗ ನನ್ನ ಕಾಲ ನೋಡು.”

“ನೋಡೀನಿ ತಗಿ. ನಂದೇನ ಕುಣ್ಯಾಕತ್ತೇತಿ?”

ತಂಗಿ ಬೆಂಚನ್ನು ಬಿಟ್ಟು ವೀಲ್‌ಚೇರಿನ ಹತ್ತಿರ ನೆಲದಲ್ಲೇ ಕೂತರು. ಯಾವ ಕೊಂಬೆ ಗಾಳಿಗೆ ಮುರಿಯಿತು, ಯಾವ ನೆರೆಯವರು ತೀರಿಹೋದರು ಎಂದು ಹೇಳುತ್ತಾ ಹೋದರು. ಹನ್ನೆರಡು ವರ್ಷದ ಆ ಕಾರಣವನ್ನು ಇಬ್ಬರೂ ಎತ್ತಲಿಲ್ಲ. ನಾವು ಸ್ವಲ್ಪ ದೂರ ನಿಂತೆವು. ಒಂದೂವರೆಗೆ ವ್ಯಾನು ಹತ್ತಬೇಕಿತ್ತು. ಮೊರಿತಾ-ಸಾನ್ ಗಡಿಯಾರ ನೋಡಿದರು, ಕೊಳ ನೋಡಿದರು, ಮತ್ತೆ ಗಡಿಯಾರ ನೋಡಿದರು. ಹೊರಟಿದ್ದು ಒಂದು ಐವತ್ತಕ್ಕೆ. ವರದಿಯಲ್ಲಿ ಅವರು ‘ಶೌಚಾಲಯದಲ್ಲಿ ಸರತಿ’ ಎಂದು ಬರೆದದ್ದನ್ನು ಆಮೇಲೆ ನೋಡಿದೆ. ಇಪ್ಪತ್ತಾರು ವರ್ಷ ಈ ಕೆಲಸದಲ್ಲಿರುವವರು ಬರೆದ ಮೊದಲ ಸುಳ್ಳಿರಬೇಕು.

ಹೊರಡುವಾಗ ತಂಗಿ ಗಂಟು ಬಿಚ್ಚಿದರು. ಹಣ್ಣಾದ ಕಾಕಿ, ಐದೋ ಆರೋ. ಇವಿಷ್ಟನ್ನು ಹಿಂದಿನ ದಿನ ಮಗನನ್ನು ಏಣಿ ಹತ್ತಿಸಿ ಕೀಳಿಸಿದ್ದಂತೆ. ಒಂದೊಂದಾಗಿ ಅಕ್ಕನ ಕಂಬಳಿಯ ಮೇಲೆ, ಮಡಿಲಲ್ಲಿ ಇಟ್ಟರು. ತನಾಬೆ-ಸಾನ್ ಎರಡೂ ಕೈಯಿಂದ ಕಂಬಳಿಯ ಅಂಚು ಎತ್ತಿ ಹಿಡಿದುಕೊಂಡರು.

ತವರಿಂದ ಹೊರಟವಳ ಉಡಿ ತುಂಬುವುದನ್ನು ನಾನು ನೂರು ಸಲ ನೋಡಿದ್ದೇನೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ. ಆದರೆ ನಮ್ಮಲ್ಲಿ ಗಂಡನಿಲ್ಲದವಳ ಉಡಿ ತುಂಬುವುದಿಲ್ಲ. ಝಳಕಿಯ ಅತ್ತೆಗೆ ಗಂಡ ತೀರಿದ ಮೇಲೆ ಯಾರೂ ತುಂಬಲಿಲ್ಲ. ಅಣ್ಣತಮ್ಮಂದಿರನ್ನು ಒಂದುಮಾಡಿದ ದಿನವೂ ಆಕೆ ಒಂದು ಚೀಲದಲ್ಲಿ ಜೋಳ ಹಾಕಿಸಿಕೊಂಡು ಬಸ್ಸು ಹತ್ತಿದಳು. ಇಲ್ಲಿ, ಆ ಪದ್ಧತಿಯ ಹೆಸರೂ ಗೊತ್ತಿಲ್ಲದ ಕೊಳದ ದಂಡೆಯಲ್ಲಿ, ಎಂಬತ್ತೆಂಟರ ವಿಧವೆಯ ಮಡಿಲು ತುಂಬಿತ್ತು. ನಾನು ವೀಲ್‌ಚೇರನ್ನು ನಿಧಾನ ತಳ್ಳಿದೆ, ಒಂದೂ ಉರುಳದ ಹಾಗೆ.

ಆ ಭಾನುವಾರ ಅವ್ವನಿಗೆ ನಾನೇ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವ್ವ ಪೂರ್ತಿ ಕೇಳಿ, ಹೇಳದೆ ಹೋಗಿ ಬಾಗಿಲು ತಟ್ಟಿದ್ದರಲ್ಲಿ ತಪ್ಪೇನಿತ್ತು ಎಂದಳು. ಅವಳಿಗೆ ಅರ್ಥವಾಗಿದ್ದು ಅಷ್ಟೇ. ಆಮೇಲೆ ಹಳೆಯ ವಿಷಯ ತೆಗೆದಳು. ಹೋದ ವರ್ಷ ರಜೆಗೆ ಊರಿಗೆ ಹೋದಾಗ ನಾನು ಸಿಂದಗಿ ಬಸ್ ಸ್ಟ್ಯಾಂಡಿನಿಂದ ಫೋನು ಮಾಡಿ, ಒಂದು ಗಂಟೆಯಲ್ಲಿ ಬರುತ್ತೇನೆ, ಮನೆಯಲ್ಲಿದ್ದೀರಾ ಎಂದು ಕೇಳಿದ್ದೆ.

“ನಮ್ಮನಿಗಿ ಬರಾಕ ನಮಗ ಫೋನ್ ಮಾಡಿ ಕೇಳಿದೆಲ್ಲಾ,” ಎಂದಳು. “ಬೀಗರ ಪೈಕಿ ಯಾರ ಅನ್ಕೊಂಡ್ನಿ. ನಿಮ್ಮಪ್ಪ ಎರಡ ದಿನಾ ಅದನ್ನ ಅಂದ. ಮಗಳಿಗೆ ಮನಿ ಬಾಗಲಾ ಮರತೈತಿ ಅಂತ.”

ನಾನು ಅದನ್ನು ಮರೆತೇ ಬಿಟ್ಟಿದ್ದೆ. ಅಲ್ಲಿ ಹೇಳಿ ಹೋದವಳು ಇಲ್ಲಿ ಹೇಳದೆ ಬಾಗಿಲು ತಟ್ಟಿದ್ದೆ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವ ಹೊತ್ತಿಗೆ ಹೋಗಬೇಕೆಂದು ರಜೆ ಕೇಳಿದ್ದೇನೆ. ಇಲ್ಲಿ ಆಗ ಹೊಸ ವರ್ಷ, ಸಿಬ್ಬಂದಿ ಕಡಿಮೆ. ಆದರೂ ಮುಖ್ಯಸ್ಥೆ ಒಪ್ಪಿ ಸಹಿ ಹಾಕಿದ್ದಾರೆ. ಅರ್ಜಿಯಲ್ಲಿ ವಿಮಾನದ ಹೊತ್ತು, ಊರು ಮುಟ್ಟುವ ಹೊತ್ತು ಎಲ್ಲ ಬರೆದುಕೊಟ್ಟಿದ್ದೇನೆ. ತನಾಬೆ-ಸಾನ್ ಅವರಿಗೂ ಹೇಳಿದೆ. ತಿರುಗಿ ಬರುವ ದಿನ ಯಾವುದು ಎಂದು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ನನ್ನಿಂದಲೇ ಗುರುತು ಹಾಕಿಸಿದರು.

ಮೋರಟಗಿಗೆ ಮಾತ್ರ ತಿಳಿಸಿಲ್ಲ. ಹೇಳದೆ ಹೋಗಬೇಕೆಂದಿದ್ದೇನೆ. ಆದರೆ ಸಿಂದಗಿಯಲ್ಲಿ ಬಸ್ಸಿಳಿದು ಇನ್ನೊಂದು ಬಸ್ಸಿಗೆ ಕಾಯುವ ಆ ಅರ್ಧ ಗಂಟೆ, ಕೈ ಫೋನಿಗೆ ಹೋಗದೆ ಸುಮ್ಮನೆ ನಿಲ್ಲಬಲ್ಲೆನೇ ಎಂಬುದು ನನಗಿನ್ನೂ ಗೊತ್ತಿಲ್ಲ.